ವೀಣೆಗೆ ಮೈಕ್ ಇಡಬೇಕಾ, ಪಿಕಪ್ ಅಂಟಿಸಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವೀಣೆ ನುಡಿಸುತ್ತೇನೆ. ಗೆಳೆಯರ ಕಛೇರಿಗಳಲ್ಲಿ ಮಿಕ್ಸರ್ ಮುಂದೆಯೂ ಕೂತಿದ್ದೇನೆ. ಹಾಗಾಗಿ ಎರಡೂ ಕಡೆಯಿಂದ ಬೈಸಿಕೊಂಡ ಅನುಭವ ಇದೆ. ವೀಣೆ ಕಲಿಯುವವರು, ಮಕ್ಕಳನ್ನು ವೇದಿಕೆ ಹತ್ತಿಸುವ ಅಪ್ಪ ಅಮ್ಮಂದಿರು, ಹಬ್ಬದಲ್ಲಿ ಕಛೇರಿ ಇಟ್ಟುಕೊಳ್ಳುವ ಸಂಘದವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು.

ಮೊದಲೆಲ್ಲ ಮೈಕೇ ಇರಲಿಲ್ಲವಲ್ಲ, ಈಗ ಯಾಕೆ ಬೇಕು?

ವೀಣೆ ಶೇಷಣ್ಣನವರು (1852–1926) ಮೈಸೂರಿನ ಆಸ್ಥಾನದಲ್ಲಿ ನುಡಿಸುತ್ತಿದ್ದಾಗ ಕೇಳುವವರು ಹತ್ತಿರದಲ್ಲಿ ಕೂತಿರುತ್ತಿದ್ದರು. ಫ್ಯಾನ್ ಇಲ್ಲ, ಜನರೇಟರ್ ಇಲ್ಲ, ಹೊರಗೆ ಬಸ್ಸಿನ ಹಾರ್ನ್ ಇಲ್ಲ. ಈಗ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಛೇರಿ ಕೇಳಿದವರಿಗೆ ಗೊತ್ತು, ಪೆಂಡಾಲ್ ಆಚೆ ಇಡೀ ಬೆಂಗಳೂರು ಓಡಾಡುತ್ತಿರುತ್ತದೆ. ವೀಣೆಯ ದನಿ ಸಣ್ಣದು. ಅದರ ಪಕ್ಕದಲ್ಲೇ ಮೃದಂಗ, ಘಟ. ಹತ್ತನೇ ಸಾಲಿನಲ್ಲಿ ಕೂತವರಿಗೆ ಎಳೆತದ (ತಂತಿಯನ್ನು ಪಕ್ಕಕ್ಕೆ ಎಳೆದು ತರುವ) ಗಮಕ ಕೇಳಬೇಕು ಅಂದರೆ ಮೈಕ್ ಬೇಕೇ ಬೇಕು. ಆದರೆ ಗುರಿ ಏನು ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ವೀಣೆಯನ್ನು ದೊಡ್ಡದು ಮಾಡುವುದಲ್ಲ, ಕೇಳುಗರನ್ನು ವೀಣೆಯ ಹತ್ತಿರಕ್ಕೆ ಕರೆತರುವುದು. ಆರು ಅಡಿ ದೂರದಲ್ಲಿ ಚಾಪೆ ಮೇಲೆ ಕೂತು ಕೇಳಿದ ಹಾಗೆ ಇದ್ದರೆ ಸಾಕು.

ವೀಣೆಯಲ್ಲಿ ಸದ್ದು ಎಲ್ಲಿಂದ ಬರುತ್ತದೆ? ಮೈಕ್ ಎಲ್ಲಿಗೆ ತೋರಿಸಬೇಕು ಅಂತ ಗೊತ್ತಾಗಬೇಕಲ್ವಾ?

ತಂತಿ ನಡುಗುತ್ತದೆ, ಆ ನಡುಕ ಕುದುರೆಗೆ (ತಂತಿಗಳನ್ನು ಹೊತ್ತು ಹಲಗೆಯ ಮೇಲೆ ನಿಂತ ಸೇತುವೆಗೆ) ಇಳಿಯುತ್ತದೆ, ಕುದುರೆ ಕೊಡದ (ಬಲಗಡೆಯ ಗುಂಡನೆಯ ಪೊಳ್ಳು ಭಾಗದ) ಮೇಲಿನ ಹಲಗೆಯನ್ನು ಕುಣಿಸುತ್ತದೆ, ಹಲಗೆ ಗಾಳಿಯನ್ನು ಕುಣಿಸುತ್ತದೆ. ಕೇಳುವ ಸದ್ದಿನಲ್ಲಿ ಬಹುಪಾಲು ಈ ಹಲಗೆಯದು. ಎಡಗಡೆಯ ಬುರುಡೆಗೆ ಮೈಕ್ ಇಡುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಲು ದೊಡ್ಡದಾಗಿದೆ, ಗುಂಡಗಿದೆ, ಅದರಿಂದಲೇ ನಾದ ಬರುತ್ತದೆ ಅನ್ನಿಸುವುದು ಸಹಜ. ಆದರೆ ಅಲ್ಲಿಂದ ಬರುವುದು ಬಹಳ ಕಡಿಮೆ.

ಒಂದು ಸಣ್ಣ ಪರೀಕ್ಷೆ ಮಾಡಿ. ತಂತಿಗಳನ್ನು ಅಂಗೈಯಿಂದ ಮುಚ್ಚಿ ಹಿಡಿದು, ಕೊಡದ ಹಲಗೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ. ಅಂಚಿನ ಹತ್ತಿರ 'ಟಕ್' ಅನ್ನುತ್ತದೆ. ಕುದುರೆಯ ಸುತ್ತಮುತ್ತ 'ಡುಂ' ಅನ್ನುತ್ತದೆ. ಎಲ್ಲಿ 'ಡುಂ' ಅನ್ನುತ್ತದೋ ಅಲ್ಲೇ ಹಲಗೆ ಧಾರಾಳವಾಗಿ ಅಲುಗುವುದು. ಮೈಕ್ ನೋಡಬೇಕಾದದ್ದು ಆ ಕಡೆಗೆ.

ಮೈಕ್, ಪಿಕಪ್ ಸೇರಿ ಒಟ್ಟು ಎಷ್ಟು ಬಗೆ ಇವೆ?

ಒಂದು, ಗಾಳಿಯ ಸದ್ದು ಹಿಡಿಯುವ ಮಾಮೂಲಿ ಮೈಕ್. ಎರಡು, ಮರದ ನಡುಕ ಹಿಡಿಯುವ ಪೀಜೋ ಪಿಕಪ್. ನಮ್ಮವರು 'ಕಾಂಟ್ಯಾಕ್ಟ್ ಮೈಕ್' ಅನ್ನುವುದು ಸಾಮಾನ್ಯವಾಗಿ ಇದನ್ನೇ. ಮೂರು, ತಂತಿಯ ನಡುಕವನ್ನೇ ನೇರವಾಗಿ ಹಿಡಿಯುವ ಮ್ಯಾಗ್ನೆಟಿಕ್ ಪಿಕಪ್, ಎಲೆಕ್ಟ್ರಿಕ್ ಗಿಟಾರಿನದರ ಹಾಗೆ. ಎಕೆಜಿ ಸಿ411 ಥರದ್ದು ಮರಕ್ಕೆ ಅಂಟಿಸುವ ಕಂಡೆನ್ಸರ್ (ವಿದ್ಯುತ್ತು ಬೇಡುವ ಸೂಕ್ಷ್ಮ ಬಗೆ), ಅದಕ್ಕೆ ಫ್ಯಾಂಟಮ್ ಪವರ್, ಅಂದರೆ ಮಿಕ್ಸರಿನಿಂದ ಮೈಕಿನ ವೈರಿನಲ್ಲೇ ಬರುವ ವಿದ್ಯುತ್ತು, ಬೇಕು. ಉಳಿದದ್ದೆಲ್ಲ ಇವುಗಳ ಬೆರಕೆ.

ಹೊಸದಾಗಿ ಶುರು ಮಾಡುವವರು ಯಾವುದರಿಂದ ಶುರು ಮಾಡಬೇಕು?

ಸಣ್ಣ ಸಭಾಂಗಣ, ಶಾಂತವಾಗಿ ಕೂರುವ ಜನ, ಒಂದು ಮೃದಂಗ ಮಾತ್ರ ಅಂದರೆ ಒಳ್ಳೆಯ ಮೈಕ್ ಸಾಕು, ಪಿಕಪ್ ಬೇಡವೇ ಬೇಡ. ಬಯಲು ಪೆಂಡಾಲ್, ಗಣೇಶೋತ್ಸವ, ಫ್ಯೂಷನ್, ಡ್ರಮ್ಸ್ ಇವೆ ಅಂದರೆ ಪಿಕಪ್ ಇಲ್ಲದೆ ಆಗುವುದಿಲ್ಲ. ಎರಡೂ ಕಡೆ ನುಡಿಸುವವರು ಪೀಜೋ ಒಂದನ್ನು ಕೈಚೀಲದಲ್ಲಿ ಇಟ್ಟುಕೊಂಡಿರಿ. ಮೈಕನ್ನು ಸಭೆಯವರು ಕೊಡುತ್ತಾರೆ. ವೀಣೆಗೆ ಪಿಕಪ್ ಇಟ್ಟುಕೊಂಡಿರುವ ಮೈಕ್‌ಸೆಟ್‌ನವರು ನನಗಂತೂ ಇದುವರೆಗೆ ಸಿಕ್ಕಿಲ್ಲ.

ಪೀಜೋ ಎಲ್ಲಿ ಅಂಟಿಸಬೇಕು?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು, ಎಲ್ಲಕ್ಕಿಂತ ಜಾಸ್ತಿ ಸಮಯ ತಿನ್ನುವುದೂ ಇದೇ. ಒಂದೊಂದು ವೀಣೆಯ ಹಲಗೆಯ ದಪ್ಪ ಒಂದೊಂದು. ನನ್ನ ವೀಣೆಯಲ್ಲಿ ಕೂತ ಜಾಗ ನಿಮ್ಮ ವೀಣೆಯಲ್ಲಿ ಕೂರಲಾರದು. ಹುಡುಕಲೇಬೇಕು.

ಹುಡುಕುವ ವಿಧಾನ ಹೀಗೆ. ಪಿಕಪ್ಪನ್ನು ಪ್ರೀಆಂಪಿಗೆ (ಪಿಕಪ್ಪಿನ ಸಣ್ಣ ಸಿಗ್ನಲನ್ನು ಬಲಪಡಿಸುವ ಪೆಟ್ಟಿಗೆಗೆ) ಚುಚ್ಚಿ ಹೆಡ್‌ಫೋನ್ ಹಾಕಿಕೊಳ್ಳಿ. ಇನ್ನೊಬ್ಬರು ನಾಲ್ಕು ತಂತಿಗಳನ್ನೂ ಒಂದೇ ತೂಕದಲ್ಲಿ ಮೀಟುತ್ತಾ ಇರಲಿ, ಮೇಲಿನ ಸ್ವರದಿಂದ ತಗ್ಗಿಗೆ: ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ನೀವು ಪಿಕಪ್ಪನ್ನು ಒಂದು ಚಿಟಿಕೆ ಬ್ಲೂ ಟ್ಯಾಕ್ ಹಚ್ಚಿ ಹಲಗೆಗೆ ಒತ್ತಿ. ಕುದುರೆಯ ಕಾಲಿನಿಂದ ಎರಡು ಬೆರಳಷ್ಟು ದೂರದಲ್ಲಿ ಶುರು ಮಾಡಿ. ಕೇಳಿ. ಒಂದು ಬೆರಳಷ್ಟು ಸರಿಸಿ. ಮತ್ತೆ ಕೇಳಿ. ಒಂದು ಕಡೆ ಸಾರಣಿ ಚುಚ್ಚುತ್ತದೆ, ಮಂದ್ರ ಮಾಯ. ಇನ್ನೊಂದು ಕಡೆ ಮಂದ್ರ ಗುಂಯ್‌ಗುಡುತ್ತದೆ, ಸಾರಣಿಗೆ ಜೀವವಿಲ್ಲ. ನಾಲ್ಕೂ ತಂತಿ ಸಮವಾಗಿ ಕೇಳುವ ಒಂದು ಜಾಗ ಇದ್ದೇ ಇರುತ್ತದೆ, ಎಂಟಾಣೆಯಷ್ಟು ಅಗಲದ್ದು. ಸಿಕ್ಕ ಕೂಡಲೇ ಒಂದು ಚೂರು ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಮಾಡಿ, ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಮುಂದಿನ ಕಛೇರಿಯಲ್ಲಿ ಹುಡುಕಲು ಯಾರೂ ಅರ್ಧ ಗಂಟೆ ಕೊಡುವುದಿಲ್ಲ.

ಕುದುರೆಯ ಮೇಲೇ ಅಂಟಿಸಿದರೆ ದನಿ ಜೋರಾಗಿ, ಖಡಕ್ಕಾಗಿ ಬರುತ್ತದೆ. ಆದರೆ ಕುದುರೆಗೆ ತೂಕ ಸೇರಿದರೆ ಅದು ಅಲುಗುವುದು ಕಡಿಮೆಯಾಗುತ್ತದೆ, ನಾದದ ಹೊಳಪು ಇಳಿಯುತ್ತದೆ. ಪಿಕಪ್ ತೀರಾ ಹಗುರವಾಗಿದ್ದರೆ ಮಾತ್ರ ಆ ಜಾಗ. ಕುದುರೆಯ ಮೇಲಿನ ಲೋಹದ ರೇಕನ್ನಂತೂ ಮುಟ್ಟಲೇಬೇಡಿ. ವೀಣೆಯ ಝೇಂಕಾರ ಇರುವುದೇ ಆ ರೇಕಿನ ಬಾಗಿನಲ್ಲಿ. ಅದನ್ನು ಹದ ಮಾಡಲು ವೀಣೆ ಮಾಡುವವರು ಗಂಟೆಗಟ್ಟಲೆ ಉಜ್ಜಿರುತ್ತಾರೆ.

ತಾಳದ ತಂತಿಗಳ (ಪಕ್ಕದಲ್ಲಿ, ತಾಳ ಹಾಕಲು ಮಾತ್ರ ಮೀಟುವ ತಂತಿಗಳ) ಕಡೆಗೆ ಪಿಕಪ್ ಇಟ್ಟರೆ ಏನಾಗುತ್ತದೆ ಅಂತಲೂ ಒಮ್ಮೆ ಕೇಳಿ ನೋಡಿ. ಕಿರುಬೆರಳಿನ ತಾಳವೇ ಸಭೆಯನ್ನು ಆಳುತ್ತದೆ!

ಪೀಜೋವನ್ನು ಮಿಕ್ಸರಿಗೆ ನೇರ ಚುಚ್ಚಿದರೆ ಡಬ್ಬ ಬಡಿದ ಹಾಗೆ ಕೇಳುತ್ತದೆ. ಪಿಕಪ್ ಕೆಟ್ಟಿದೆಯಾ?

ಕೆಟ್ಟಿಲ್ಲ. ತಪ್ಪು ಜಾಗಕ್ಕೆ ಚುಚ್ಚಿದ್ದೀರಿ.

ನನ್ನದೇ ಕಥೆ ಹೇಳುತ್ತೇನೆ. ಒಂದು ಗಣೇಶೋತ್ಸವದ ಪೆಂಡಾಲ್. ಹೊಸ ಪಿಕಪ್, ಹೊಸ ಹುರುಪು. ಮೈಕ್‌ಸೆಟ್ ಹುಡುಗ ಪಿಕಪ್ಪಿನ ವೈರಿಗೆ ಒಂದು ಕನ್ವರ್ಟರ್ ಪಿನ್ ಹಾಕಿ ಮೈಕಿನ ಚಾನೆಲ್ಲಿಗೇ ಚುಚ್ಚಿದ. ವರ್ಣ ಶುರು ಮಾಡಿದರೆ ಸ್ಪೀಕರಿನಿಂದ ಬರುತ್ತಿರುವುದು ವೀಣೆಯಲ್ಲ, ತಗಡಿನ ಮೇಲೆ ಮಳೆ ಬಿದ್ದ ಸದ್ದು. ಬಾಸ್ ತಿರುಗಿಸಿದ, ಟ್ರೆಬಲ್ ಇಳಿಸಿದ, ಏನೂ ಆಗಲಿಲ್ಲ. ನಮ್ಮ ನಂತರ ನುಡಿಸಬೇಕಿದ್ದ ಕೀಬೋರ್ಡ್‌ನವರು ಸುಮ್ನೆ ಎದ್ದು ಬಂದು ತಮ್ಮ ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಪೆಟ್ಟಿಗೆ) ಕೊಟ್ಟರು. ಅದನ್ನು ನಡುವೆ ಸೇರಿಸಿದ್ದೇ ತಡ, ಮಂದ್ರ ತಂತಿ ಎಲ್ಲಿಂದಲೋ ಎದ್ದು ಬಂತು.

ಕಾರಣ ಇಷ್ಟೇ. ಪೀಜೋ ಅನ್ನುವುದು ವಿದ್ಯುತ್ತಿನ ಲೆಕ್ಕದಲ್ಲಿ ಒಂದು ಪುಟ್ಟ ಕೆಪಾಸಿಟರ್. ಅದು ಚುಚ್ಚಿಕೊಂಡ ಜಾಗದ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ, ಓಮ್‌ಗಳಲ್ಲಿ ಅಳೆಯುವುದು) ಕಡಿಮೆಯಿದ್ದರೆ ತಗ್ಗಿನ ಸ್ವರಗಳೆಲ್ಲ ಅಲ್ಲೇ ಸೋರಿಹೋಗುತ್ತವೆ. 20 ನ್ಯಾನೋಫ್ಯಾರಡ್‌ನ ಪೀಜೋ ಬಿಲ್ಲೆಯನ್ನು 2 ಕಿಲೋ ಓಮ್‌ನ ಮೈಕ್ ಚಾನೆಲ್ಲಿಗೆ ಚುಚ್ಚಿದರೆ ಸುಮಾರು 4000 ಹರ್ಟ್ಜ್‌ನಿಂದ ಕೆಳಗಿನದ್ದೆಲ್ಲ ಇಳಿಯುತ್ತಾ ಹೋಗುತ್ತದೆ. ವೀಣೆಯ ಮುಖ್ಯ ಸ್ವರಗಳೆಲ್ಲ ಇರುವುದು ಅದಕ್ಕಿಂತ ಬಹಳ ಕೆಳಗೆ. ಅದೇ ಬಿಲ್ಲೆಯನ್ನು 1 ಮೆಗಾ ಓಮ್‌ಗೆ ಚುಚ್ಚಿದರೆ ಆ ಗಡಿ 8 ಹರ್ಟ್ಜ್‌ಗೆ ಇಳಿಯುತ್ತದೆ. ಅಂದರೆ ಏನೂ ಸೋರುವುದಿಲ್ಲ.

ಹಾಗಾದರೆ ಯಾವ ಡಿಐ, ಯಾವ ಪ್ರೀಆಂಪ್ ತೆಗೆದುಕೊಳ್ಳಲಿ?

ಡಬ್ಬಿಯ ಮೇಲೋ ಅದರ ಜೊತೆ ಬರುವ ಹಾಳೆಯಲ್ಲೋ 'ಇನ್‌ಪುಟ್ ಇಂಪೀಡೆನ್ಸ್' ಅಂತ ಒಂದು ಸಾಲು ಇರುತ್ತದೆ. ಅದು 1 ಮೆಗಾ ಓಮ್ ಅಥವಾ ಅದಕ್ಕಿಂತ ಜಾಸ್ತಿ ಇರಲಿ. 10 ಮೆಗಾ ಓಮ್ ಇದ್ದರೆ ಸಣ್ಣ ಪೀಜೋಗಳಿಗೂ ಸಾಕು. ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಕೀಬೋರ್ಡಿಗೆ ಅದ್ಭುತ, ಪೀಜೋಗೆ ಅಷ್ಟಕ್ಕಷ್ಟೆ. ರೇಡಿಯಲ್ ಜೆಡಿಐ ಥರದ ಒಳ್ಳೆಯ ಪ್ಯಾಸಿವ್ ಪೆಟ್ಟಿಗೆಯದ್ದೂ 140 ಕಿಲೋ ಓಮ್ ಮಾತ್ರ. ಮೈಕ್ ಚಾನೆಲ್ಲಿಗಿಂತ ಎಷ್ಟೋ ವಾಸಿ, ಆದರೂ ಪೀಜೋಗೆ ಬೇಕಾದಷ್ಟಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, 10 ರೂಪಾಯಿ ಖರ್ಚು ಮಾಡುವವರು 3 ರೂಪಾಯಿ ಪಿಕಪ್ಪಿಗೆ, 7 ರೂಪಾಯಿ ಪ್ರೀಆಂಪಿಗೆ ಹಾಕಿ. ಎಲ್ಲರೂ ಮಾಡುವುದು ಉಲ್ಟಾ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಪೀಜೋ ಬಿಲ್ಲೆಗೆ ವೈರು ಬೆಸುಗೆ ಹಾಕಿ, ಒಳ್ಳೆಯ ಪ್ರೀಆಂಪಿಗೆ ಕೊಟ್ಟು ನೋಡಿ. ದುಬಾರಿ ಪಿಕಪ್ಪನ್ನು ಕೆಟ್ಟ ಜಾಗಕ್ಕೆ ಚುಚ್ಚಿದ್ದಕ್ಕಿಂತ ಚೆನ್ನಾಗಿ ಕೇಳುತ್ತದೆ.

ಮ್ಯಾಗ್ನೆಟಿಕ್ ಪಿಕಪ್ ಹಾಕಿಸಿದೆ. ಸಾರಣಿ ಭರ್ಜರಿ, ಮಂದ್ರ ಕೇಳುತ್ತಲೇ ಇಲ್ಲ. ಯಾಕೆ?

ನಿಮ್ಮ ಮಂದ್ರ, ಅನುಮಂದ್ರ ಹಿತ್ತಾಳೆ ಅಥವಾ ಕಂಚಿನ ತಂತಿಗಳಾಗಿರಬೇಕು. ಮ್ಯಾಗ್ನೆಟಿಕ್ ಪಿಕಪ್ಪಿಗೆ ಕಬ್ಬಿಣದ ಅಂಶ ಬೇಕು. ಸಾರಣಿ, ಪಂಚಮ ಉಕ್ಕಿನವು, ಅವನ್ನು ಹಿಡಿಯುತ್ತದೆ. ಹಿತ್ತಾಳೆ ಅದರ ಕಣ್ಣಿಗೆ ಕಾಣುವುದೇ ಇಲ್ಲ. ಹಳೆ ತಂತಿಯ ಒಂದು ತುಂಡು ತೆಗೆದುಕೊಂಡು ಫ್ರಿಜ್ಜಿನ ಬಾಗಿಲಿನ ಮ್ಯಾಗ್ನೆಟ್ಟಿಗೆ ಹಿಡಿದು ನೋಡಿ. ಅಂಟಿಕೊಂಡರೆ ಸರಿ. ಇಲ್ಲದಿದ್ದರೆ ಉಕ್ಕಿನ ಎಳೆಯ ಮೇಲೆ ತಾಮ್ರ ಸುತ್ತಿದ ತಂತಿ ಹಾಕಿಸಬೇಕು. ಆಗ ಒಳಗಿನ ಉಕ್ಕು ಪಿಕಪ್ಪಿಗೆ ಸಿಗುತ್ತದೆ.

ಇನ್ನೊಂದು ಸಂಗತಿ. ಗಿಟಾರ್ ಪಿಕಪ್ಪಿನಲ್ಲಿ ಆರು ತಂತಿಗೆ ಆರು ಗುಂಡಿಗಳಿರುತ್ತವೆ. ನಮ್ಮ ನಾಲ್ಕು ತಂತಿ ಆ ಅಳತೆಗೆ ಕೂರುವುದಿಲ್ಲ. ಗಮಕಕ್ಕೆ ತಂತಿ ಪಕ್ಕಕ್ಕೆ ಎಳೆದಾಗ ಅದು ಗುಂಡಿಯಿಂದ ಆಚೆ ಜಾರಿ ದನಿ ಕುಗ್ಗಬಹುದು. ಉದ್ದನೆಯ ಪಟ್ಟಿ ಇರುವ ಬ್ಲೇಡ್ ಪಿಕಪ್ಪಿನಲ್ಲಿ ಈ ತೊಂದರೆ ಇಲ್ಲ.

ದನಿ ಹೇಗಿರುತ್ತದೆ? ನಾದ ಉದ್ದಕ್ಕೆ ನಿಲ್ಲುತ್ತದೆ, ಎಳೆತ ಸ್ಪಷ್ಟ, ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದು ಮತ್ತೆ ಒಳಗೆ ಹೋಗಿ ಊಳಿಡುವುದು) ಬಹಳ ಕಡಿಮೆ. ಆದರೆ ವೀಣೆಯ ಮೈಯಾದ ಹಲಸಿನ ಮರದ ದನಿ ಅದರಲ್ಲಿ ಹೆಚ್ಚು ಕೇಳುವುದಿಲ್ಲ. ಫ್ಯೂಷನ್ನಿಗೆ ನಾನು ಅದನ್ನೇ ಬಳಸುತ್ತೇನೆ. ಒಂದು ನಿಧಾನದ ತೋಡಿಗೆ ಬಳಸುವುದಿಲ್ಲ.

ಸಭೆಯಲ್ಲಿ ಇರುವುದು ಹಾಡುಗಾರರ ಮೈಕ್ ಮಾತ್ರ. ನಡೆಯುತ್ತಾ?

ನಡೆಯುತ್ತದೆ. ಶೂರ್ ಎಸ್‌ಎಂ58 ಆಗಲಿ ಎಸ್‌ಎಂ57 ಆಗಲಿ, ಎರಡೂ 1960ರ ದಶಕದಿಂದ ಜಗತ್ತಿನ ವೇದಿಕೆಗಳಲ್ಲಿ ದುಡಿಯುತ್ತಿವೆ. ಎರಡರಲ್ಲಿ ಆರಿಸಲು ಬಿಟ್ಟರೆ 57 ತೆಗೆದುಕೊಳ್ಳಿ. ಅದರ ಮೂತಿ ಸಣ್ಣದು, ಕೊಡದ ಹತ್ತಿರಕ್ಕೆ ಹೋಗುತ್ತದೆ. ಡೈನಮಿಕ್ ಮೈಕ್ ಆದ್ದರಿಂದ ಒಂದು ಗೇಣಿನೊಳಗೆ ಇಡಬೇಕು. ತೀರಾ ಮೂರು ಬೆರಳಿನಷ್ಟು ಹತ್ತಿರ ಇಟ್ಟರೆ ತಗ್ಗಿನ ಸ್ವರ ತಾನಾಗಿಯೇ ಉಬ್ಬುತ್ತದೆ, ಮಂದ್ರ ಗವ್ ಅನ್ನುತ್ತದೆ. ಹಾಗಾದಾಗ ಇಕ್ವಲೈಜರ್ ಮುಟ್ಟುವ ಮೊದಲು ಮೈಕನ್ನು ಎರಡು ಬೆರಳು ಹಿಂದಕ್ಕೆ ಎಳೆಯಿರಿ.

ಕಂಡೆನ್ಸರ್ ಮೈಕ್ ಸಿಕ್ಕಿದರೆ ಎಲ್ಲಿ ಇಡುವುದು?

ಕುಳ್ಳ ಸ್ಟ್ಯಾಂಡ್ ಕೇಳಿ. ನಾವು ನೆಲದ ಮೇಲೆ ಕೂರುತ್ತೇವೆ ಅನ್ನುವುದು ಎಷ್ಟೋ ಸೌಂಡ್‌ನವರಿಗೆ ವೇದಿಕೆಗೆ ಬಂದ ಮೇಲೆ ನೆನಪಾಗುತ್ತದೆ. ಕೊಡದ ಮುಂದೆ, ಸುಮಾರು ಒಂದು ಗೇಣು ದೂರದಲ್ಲಿ, ಹಲಗೆಗಿಂತ ಸ್ವಲ್ಪ ಮೇಲಿನಿಂದ ಕುದುರೆ ಮತ್ತು ಹಲಗೆಯ ತೂತುಗಳ ನಡುವಿನ ಜಾಗ ನೋಡುವಂತೆ ತಿರುಗಿಸಿ. ನೇರ ತೂತಿಗೆ ಗುರಿ ಇಟ್ಟರೆ ಗುಂಯ್ ಜಾಸ್ತಿ. ಬಲಗೈಗೆ ಗುರಿ ಇಟ್ಟರೆ ಉಗುರು ತಂತಿಗೆ ತಾಗುವ ಟಿಕ್ ಟಿಕ್ ಜಾಸ್ತಿ. ಬೆರಳಿಗೆ ಲೋಹದ ಉಗುರು ಹಾಕಿಕೊಂಡು ಮೀಟುವವರಿಗೆ ಇದು ಇನ್ನೂ ದೊಡ್ಡ ಸಮಸ್ಯೆ.

ಶೂರ್ ಎಸ್‌ಎಂ81 ಥರದ ಸಣ್ಣ ಡಯಾಫ್ರಂ ಮೈಕ್ ನನಗೆ ಇಷ್ಟ. ಬಣ್ಣ ಹಚ್ಚುವುದಿಲ್ಲ, ಕೊಟ್ಟಿದ್ದನ್ನು ಕೇಳಿಸುತ್ತದೆ. ಕಂಡೆನ್ಸರಿಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಕೊಡುತ್ತಾರೆ. ಅದನ್ನು ಆನ್ ಮಾಡುವ ಮೊದಲು ಚಾನೆಲ್ ಇಳಿಸಿರಿ, ಇಲ್ಲದಿದ್ದರೆ 'ಢಬ್' ಅಂತ ಮುಂದಿನ ಸಾಲಿನ ಹಿರಿಯರು ಎದ್ದು ಕೂರುತ್ತಾರೆ.

ವೀಣೆಗೇ ಸಿಕ್ಕಿಸುವ ಪುಟ್ಟ ಕ್ಲಿಪ್ ಮೈಕ್ ಹೇಗೆ?

ದುಡ್ಡಿದ್ದರೆ ಒಳ್ಳೆಯದು. ಡಿಪಿಎ 4099 ಅಂಥದ್ದು. ಪಿಟೀಲು, ಗಿಟಾರ್, ಚೆಲ್ಲೋ, ಡಬಲ್ ಬೇಸ್ ಅಂತ ಒಂದೊಂದಕ್ಕೂ ಒಂದೊಂದು ಹಿಡಿಕೆ ಮಾಡುತ್ತಾರೆ. ವೀಣೆಯ ಕೊಡಕ್ಕೆ ಯಾವ ಹಿಡಿಕೆ ಕೂರುತ್ತದೆ ಅಂತ ಅಂಗಡಿಯಲ್ಲೇ ಹಾಕಿ ನೋಡಿ ತೆಗೆದುಕೊಳ್ಳಿ. ಲಾಭ ಏನೆಂದರೆ, ನುಡಿಸುವಾಗ ನೀವು ವಾಲಿದರೂ ಮೈಕ್ ವೀಣೆಯ ಜೊತೆಯಲ್ಲೇ ವಾಲುತ್ತದೆ. ದೂರ ಬದಲಾಗುವುದಿಲ್ಲ.

ಡಬಲ್ ಬೇಸ್‌ಗೋ ಪಿಟೀಲಿಗೋ ಮಾಡಿದ ಪಿಕಪ್ ವೀಣೆಗೆ ಹಾಕಬಹುದಾ?

ಹಲಗೆಗೆ ಅಂಟಿಸುವಂಥದ್ದಾದರೆ ಧಾರಾಳವಾಗಿ. ಡಬಲ್ ಬೇಸ್‌ನವರ ಗೋಳೂ ನಮ್ಮದೇ: ದೊಡ್ಡ ಪೊಳ್ಳು ಮರ, ತಗ್ಗಿನ ಸ್ವರ, ಪಕ್ಕದಲ್ಲಿ ಜೋರು ವಾದ್ಯ. ಅವರ ಪ್ರೀಆಂಪುಗಳು ನಮಗೆ ಬಹಳ ಚೆನ್ನಾಗಿ ಒಗ್ಗುತ್ತವೆ. ಆದರೆ ಅವರ ಕುದುರೆಯ ರೆಕ್ಕೆಯ ಸಂದಿಗೆ ತುರುಕುವ ಪಿಕಪ್ಪುಗಳು ನಮಗೆ ಬೇಡ. ವೀಣೆಯ ಕುದುರೆಗೆ ಅಂಥ ಸಂದಿಯೇ ಇಲ್ಲ.

ಮೈಕ್, ಪಿಕಪ್ ಎರಡನ್ನೂ ಒಟ್ಟಿಗೆ ಬಳಸಬಹುದಾ? ನಾನು ಬಳಸಿದಾಗ ದನಿ ತೆಳ್ಳಗಾಯಿತು.

ಬಳಸಬಹುದು, ಬಳಸಿದರೆ ಬಹಳ ಚೆಂದ. ತೆಳ್ಳಗಾದದ್ದಕ್ಕೆ ಕಾರಣ, ಎರಡೂ ಒಂದನ್ನೊಂದು ಹೊಡೆದು ಹಾಕಿವೆ. ಪಿಕಪ್ಪಿಗೆ ನಡುಕ ಮರದಿಂದ ತಕ್ಷಣ ಸಿಗುತ್ತದೆ. ಮೈಕಿಗೆ ಅದೇ ಸದ್ದು ಗಾಳಿಯಲ್ಲಿ ನಡೆದು ಬರಬೇಕು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಮೈಕ್ ಅಷ್ಟು ದೂರ ಇದ್ದರೆ ಒಂದು ಮಿಲಿಸೆಕೆಂಡ್ ತಡ. ಆಗ 500 ಹರ್ಟ್ಜ್ ಹತ್ತಿರ ಒಂದರ ಏರು ಇನ್ನೊಂದರ ಇಳಿವಿಗೆ ಸೇರಿ ಕುಳಿ ಬೀಳುತ್ತದೆ.

ಮೊದಲ ಮದ್ದು, ಮಿಕ್ಸರಿನಲ್ಲಿ ಪಿಕಪ್ ಚಾನೆಲ್ಲಿನ ಪೊಲಾರಿಟಿ ಬಟನ್ ಒತ್ತಿ ನೋಡಿ. ವೃತ್ತಕ್ಕೆ ಅಡ್ಡ ಗೀಟು ಎಳೆದ ಗುರುತು ಇರುತ್ತದೆ. ಮಂದ್ರ ತಂತಿ ಮೀಟುತ್ತಾ ಒತ್ತಿ, ಬಿಡಿ, ಒತ್ತಿ, ಬಿಡಿ. ಯಾವ ಸ್ಥಿತಿಯಲ್ಲಿ ತುಂಬಿ ಕೇಳುತ್ತದೋ ಅದು ಸರಿ. ಡಿಜಿಟಲ್ ಮಿಕ್ಸರ್ ಆದರೆ ಪಿಕಪ್ಪಿಗೆ ಒಂದು ಮಿಲಿಸೆಕೆಂಡಿನ ಆಸುಪಾಸು ಡಿಲೇ ಕೊಡಿ. ಅದೂ ಆಗದಿದ್ದರೆ ಕೆಲಸ ಹಂಚಿಬಿಡಿ: ತಗ್ಗಿನದು ಪಿಕಪ್ಪಿಂದ, ಮೇಲಿನದು ಮೈಕಿನಿಂದ. ನಾನು ಹಾಲ್‌ನ ಸ್ಪೀಕರಿಗೆ ಮೈಕ್ ಜಾಸ್ತಿ ಕಳಿಸುತ್ತೇನೆ, ವೇದಿಕೆಯ ಮಾನಿಟರಿಗೆ (ನುಡಿಸುವವರ ಕಡೆಗೆ ತಿರುಗಿಸಿದ ಸ್ಪೀಕರಿಗೆ) ಪಿಕಪ್ ಮಾತ್ರ.

ವೀಣೆ ಊಳಿಡುತ್ತದೆ. ಫೀಡ್‌ಬ್ಯಾಕ್ ನಿಲ್ಲಿಸುವುದು ಹೇಗೆ?

ಕೊಡ ಅನ್ನುವುದು ಪೊಳ್ಳು ಪಾತ್ರೆ. ಸ್ಪೀಕರಿನ ಸದ್ದು ಹಲಗೆಗೆ ಬಡಿದರೆ ಅದೇ ಮತ್ತೆ ನಡುಗುತ್ತದೆ. ಆ ನಡುಕ ಮತ್ತೆ ಸ್ಪೀಕರಿಗೆ. ಸಾಮಾನ್ಯವಾಗಿ ಒಂದೋ ಎರಡೋ ಸ್ವರದಲ್ಲಿ ಮಾತ್ರ ಹೀಗಾಗುತ್ತದೆ. ಕೊಡವನ್ನು ತಟ್ಟಿದಾಗ ಬರುವ 'ಡುಂ' ಯಾವ ಸ್ವರದಲ್ಲಿದೆ ಅಂತ ಮನೆಯಲ್ಲೇ ಟ್ಯೂನರ್ ಇಟ್ಟು ನೋಡಿಕೊಂಡಿರಿ. ಅನುಮಾನ ಮೊದಲು ಆ ಸ್ವರದ ಮೇಲೆಯೇ ಇರಲಿ.

ಮದ್ದುಗಳು, ನಾನು ಮಾಡುವ ಕ್ರಮದಲ್ಲೇ. ಮಾನಿಟರ್ ಇಳಿಸಿ. ಮಾನಿಟರ್ ಸರಿಸಿ. ಮೈಕ್ ಹತ್ತಿರ ತನ್ನಿ. ದೂರ ಅರ್ಧ ಮಾಡಿದರೆ ಸುಮಾರು 6 ಡೆಸಿಬಲ್ ಪುಕ್ಕಟೆ ಸಿಗುತ್ತದೆ. ಸುಮ್ನೆ ತೆರೆದಿರುವ ಬೇರೆ ಮೈಕ್‌ಗಳನ್ನು ಮುಚ್ಚಿಸಿ. ನಿರೂಪಕರ ಮೈಕ್ ಕಛೇರಿ ಪೂರ್ತಿ ತೆರೆದೇ ಇರುತ್ತದೆ, ನೋಡಿದ್ದೀರಾ? ಇಷ್ಟೆಲ್ಲ ಆದ ಮೇಲೂ ಊಳಿಟ್ಟರೆ ಮಾತ್ರ ಇಕ್ವಲೈಜರ್. ಊಳಿಡುವ ಸ್ವರವನ್ನು ಹುಡುಕಿ ಅದೊಂದನ್ನೇ ಕಿರಿದಾಗಿ ಕತ್ತರಿಸಿ. 200 ಹರ್ಟ್ಜ್ ಸುತ್ತಮುತ್ತಲನ್ನೆಲ್ಲ ಒಟ್ಟಿಗೆ ಇಳಿಸಿದರೆ ಫೀಡ್‌ಬ್ಯಾಕೂ ಹೋಗುತ್ತದೆ, ವೀಣೆಯೂ ಹೋಗುತ್ತದೆ.

ಮಾನಿಟರ್ ಎಲ್ಲಿ ಇಡಿಸಬೇಕು?

ಮೈಕ್ ಯಾವ ಬಗೆ ಅನ್ನುವುದರ ಮೇಲೆ ಹೋಗುತ್ತದೆ. ಎಸ್‌ಎಂ57ನಂಥ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದೆ ಕಿವುಡು. ಮಾನಿಟರ್ ಅದರ ನೇರ ಹಿಂದೆ ಇರಲಿ. ಸೂಪರ್ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದೆ ಸ್ವಲ್ಪ ಕೇಳುತ್ತದೆ. ಅದು ಕಿವುಡಾಗಿರುವುದು ಸುಮಾರು 126 ಡಿಗ್ರಿಯಲ್ಲಿ, ಅಂದರೆ ಹಿಂದಿನ ಎರಡು ಮೂಲೆಗಳಲ್ಲಿ. ಪೀಜೋ ಮಾತ್ರ ಇದ್ದರೆ ಮಾನಿಟರ್ ಎಡಗಡೆ, ಬುರುಡೆಯ ಆಚೆಗೆ ಇಡಿಸಿ. ಕೊಡಕ್ಕೆ ಎಷ್ಟು ದೂರವೋ ಅಷ್ಟು ಒಳ್ಳೆಯದು.

ಇನ್ನೊಂದು ಮಾತು, ಸ್ವಲ್ಪ ಖಾರ ಅನ್ನಿಸಬಹುದು. ನುಡಿಸುವ ನಮಗೇ ನಮ್ಮ ವೀಣೆ ಜೋರಾಗಿ ಕೇಳಬೇಕು ಅನ್ನುವ ಚಪಲ ಇದೆ. ಮನೆಯಲ್ಲಿ ಮಾನಿಟರ್ ಇಟ್ಟುಕೊಂಡು ಅಭ್ಯಾಸ ಮಾಡುತ್ತೇವಾ? ಶ್ರುತಿ ಮತ್ತು ಮೃದಂಗ ಕೇಳಿದರೆ ಸಾಕು. ವೀಣೆ ತೊಡೆಯ ಮೇಲೆಯೇ ಇದೆ.

ಲೋ ಕಟ್ (ತಗ್ಗಿನ ಸದ್ದನ್ನು ಕತ್ತರಿಸುವ ಬಟನ್) ಒತ್ತಬೇಕಾ ಬೇಡವಾ?

ನಿಮ್ಮ ಶ್ರುತಿ ಮೂರು ಮನೆ (ಕೀಬೋರ್ಡಿನ ಇ ಸ್ವರ) ಅಂದುಕೊಳ್ಳಿ. ಸಾರಣಿ ಸುಮಾರು 165 ಹರ್ಟ್ಜ್, ಪಂಚಮ 124, ಮಂದ್ರ 82, ಅನುಮಂದ್ರ 62. ಮಿಕ್ಸರಿನ ಲೋ ಕಟ್ ಎಷ್ಟೋ ಕಡೆ 75, 80 ಅಥವಾ 100 ಹರ್ಟ್ಜ್‌ಗೆ ಕೂತಿರುತ್ತದೆ. 80ರದ್ದಾದರೆ ಒತ್ತಿ, ಚಿಂತೆ ಇಲ್ಲ. ಅನುಮಂದ್ರದ ಬುಡ ಸ್ವಲ್ಪ ಸವೆದರೂ ಅದರ ಮೇಲಿನ ಸ್ವರಾಂಶಗಳಿಂದ ಕಿವಿ ಅದನ್ನು ತಾನೇ ತುಂಬಿಕೊಳ್ಳುತ್ತದೆ. ವೇದಿಕೆಯ ಹಲಗೆಯ ಧಡಧಡ, ಫ್ಯಾನಿನ ಗಾಳಿ ಹೋಗುತ್ತದಲ್ಲ, ಅದು ದೊಡ್ಡ ಲಾಭ. 100ರದ್ದು ಬೇಡ ಅಂತ ನಾನು ಹೇಳುತ್ತೇನೆ. ತಾನ ನುಡಿಸುವಾಗ ಮಂದ್ರ ಬಡವಾಗುತ್ತದೆ.

ಗುಂಯ್ ಅನ್ನುವ ಹಮ್ ಬರುತ್ತದೆ. ಯಾರ ತಪ್ಪು?

ಪೀಜೋ ವೈರನ್ನು ಮುಟ್ಟಿದಾಗ ಜಾಸ್ತಿಯಾದರೆ ವೈರಿನ ಶೀಲ್ಡ್ ಕಿತ್ತಿದೆ, ಬದಲಿಸಿ. ಪ್ರೀಆಂಪಿನವರೆಗಿನ ವೈರು ಚಿಕ್ಕದಿರಲಿ, ಎರಡು ಮೂರು ಮೀಟರ್ ಮೀರದಿರಲಿ. ಯಾವಾಗಲೂ ಇದ್ದರೆ ಡಿಐ ಮೇಲಿನ 'ಗ್ರೌಂಡ್ ಲಿಫ್ಟ್' ಒತ್ತಿ. ಸೀರಿಯಲ್ ಲೈಟ್ ಹತ್ತಿದಾಗ ಮಾತ್ರ ಬಂದರೆ ಆ ಲೈಟಿನ ವೈರಿನಿಂದ ನಿಮ್ಮ ವೈರನ್ನು ದೂರ ಎಳೆಯಿರಿ. ಮ್ಯಾಗ್ನೆಟಿಕ್ ಪಿಕಪ್ಪಿಗೆ ಲೈಟಿನ ಡಿಮ್ಮರ್ ಅಂದರೆ ಆಗುವುದೇ ಇಲ್ಲ. ಒಂದೇ ಒಂದು ಕೆಲಸ ಯಾವತ್ತೂ ಮಾಡಬೇಡಿ, ಮಾಡಲು ಬಿಡಬೇಡಿ: ಹಮ್ ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ಕೀಳುವುದು. ನಾವು ಲೋಹದ ತಂತಿಯ ಮೇಲೆ ಬರಿಗೈ ಇಟ್ಟು ಕೂರುವವರು.

ಅಂಟಿಸುವುದರಿಂದ ವೀಣೆಗೆ ಹಾನಿ ಆಗುತ್ತಾ? ತೂತು ಕೊರೆಸಿ ಜ್ಯಾಕ್ ಹಾಕಿಸಲಾ?

ಡಬಲ್ ಸೈಡ್ ಟೇಪನ್ನು ಹಳೆ ಪಾಲಿಶ್ ಮೇಲೆ ಅಂಟಿಸಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಟೇಪಿನ ಜೊತೆ ಪಾಲಿಶೂ ಬರಬಹುದು. ಬ್ಲೂ ಟ್ಯಾಕ್ ವಾಸಿ, ಆದರೆ ಕಛೇರಿ ಮುಗಿದ ಕೂಡಲೇ ತೆಗೆಯಿರಿ. ವೀಣೆಯ ಮೆಟ್ಟಿಲು (ಸ್ವರಸ್ಥಾನದ ಲೋಹದ ಪಟ್ಟಿ) ಕೂರಿಸುವ ಮೇಣವನ್ನೇ ಬಳಸಬಹುದಲ್ವಾ ಅಂತ ಒಬ್ಬ ಶಿಷ್ಯ ಕೇಳಿದ್ದ. ಬಳಸಿದ್ದೆ. ಏಪ್ರಿಲ್ ತಿಂಗಳು, ಶಾಮಿಯಾನದ ಕೆಳಗೆ, ಲೈಟಿನ ಬಿಸಿಗೆ ಮೇಣ ಮೆತ್ತಗಾಗಿ ರಾಗಂ ತಾನಂ ನಡುವೆ ಪಿಕಪ್ ನಿಧಾನಕ್ಕೆ ಜಾರಿ ತೊಡೆಗೆ ಬಿತ್ತು. ಅದು ಬಿದ್ದ ಸದ್ದು ಕೊನೆಯ ಸಾಲಿನವರಿಗೂ ಕೇಳಿಸಿತು.

ತೂತು? ಅಜ್ಜಿಯ ಕಾಲದ ವೀಣೆಗೆ ಬೇಡ. ಕಛೇರಿಗೆಂದೇ ಇನ್ನೊಂದು ವೀಣೆ ಮಾಡಿಸುತ್ತಿದ್ದರೆ, ಮಾಡುವವರಿಗೇ ಮೊದಲು ಹೇಳಿ ಹಾಕಿಸಿಕೊಳ್ಳಿ.

ವೈರ್‌ಲೆಸ್?

ಕೂತು ನುಡಿಸುವ ವಾದ್ಯಕ್ಕೆ ವೈರ್‌ಲೆಸ್ ಯಾಕೆ ಸ್ವಾಮಿ.

ಮೃದಂಗ ನನ್ನನ್ನು ಮುಚ್ಚಿಬಿಡುತ್ತದೆ. ಪಿಕಪ್ ಜೋರು ಮಾಡಲಾ?

ಮೊದಲು ಮೃದಂಗದ ಮೈಕ್ ಇಳಿಸಲು ಹೇಳಿ. ಸಣ್ಣ ಹಾಲ್ ಆದರೆ ಮೃದಂಗಕ್ಕೆ ಮೈಕೇ ಬೇಕಿಲ್ಲ. ನಿಮ್ಮ ಮೈಕಿನಲ್ಲೂ ಮೃದಂಗ ಅರ್ಧ ಕೇಳುತ್ತಿರುತ್ತದೆ ಅನ್ನುವುದು ಮರೆಯಬೇಡಿ. ವೀಣೆಯ ಮೈಕ್ ಏರಿಸಿದರೆ ಮೃದಂಗವೂ ಏರುತ್ತದೆ. ಇಂಥ ಕಡೆ ಪಿಕಪ್ ಉಪಯೋಗಕ್ಕೆ ಬರುತ್ತದೆ, ಅದಕ್ಕೆ ಪಕ್ಕದವರ ಸದ್ದು ಹೆಚ್ಚು ತಾಗುವುದಿಲ್ಲ. ಮತ್ತೆ ಕೂರುವಾಗಲೇ ಅರ್ಧ ಅಡಿ ದೂರ ಕೂರಿ.

ಸೌಂಡ್‌ನವರಿಗೆ ಹೇಗೆ ಹೇಳಬೇಕು?

'ನಾದ ಬರ್ತಿಲ್ಲ' ಅಂದರೆ ಅವರಿಗೆ ಅರ್ಥವಾಗುವುದಿಲ್ಲ, ತಪ್ಪು ಅವರದ್ದಲ್ಲ. 'ಅಣ್ಣಾ, ಇದಕ್ಕೆ ಫ್ಯಾಂಟಮ್ ಬೇಡ, ಡಿಐ ನನ್ನ ಹತ್ತಿರ ಇದೆ, ಎಕ್ಸ್‌ಎಲ್‌ಆರ್ ವೈರ್ ಒಂದು ಕೊಡಿ. ಇಕ್ವಲೈಜರ್ ಎಲ್ಲ ಮಧ್ಯಕ್ಕೆ ಇಡಿ, ಒಂದು ನಿಮಿಷ ನುಡಿಸ್ತೀನಿ, ಆಮೇಲೆ ನೋಡೋಣ' ಅನ್ನಿ. ಸೌಂಡ್‌ಚೆಕ್ಕಿನಲ್ಲಿ ಮೆಲ್ಲಗೆ ಆಲಾಪನೆ ನುಡಿಸಿ ಕೂರಬೇಡಿ. ಕಛೇರಿಯಲ್ಲಿ ನೀವು ಎಷ್ಟು ಜೋರಾಗಿ ತಾನ ನುಡಿಸುತ್ತೀರೋ ಅಷ್ಟೇ ಜೋರಾಗಿ ನುಡಿಸಿ ಗೇನ್ ಹಿಡಿಸಿ. ಚೆಕ್ ಆಗುವಾಗ ಗೆಳೆಯರೊಬ್ಬರನ್ನು ಹಿಂದಿನ ಸಾಲಿಗೆ ಕಳಿಸಿ, ಫೋನ್ ನೋಡದೆ ಕೇಳುವವರನ್ನು. ಮತ್ತೆ ಆ ಹುಡುಗನ ಹೆಸರು ಕೇಳಿಟ್ಟುಕೊಳ್ಳಿ, ಮಂಗಳ ಹಾಡುವ ಮುಂಚೆ ಪಕ್ಕವಾದ್ಯದವರ ಜೊತೆ ಅವನಿಗೂ ಒಂದು ಥ್ಯಾಂಕ್ಸ್ ಹೇಳಿ. ಮುಂದಿನ ವರ್ಷ ಕುಳ್ಳ ಸ್ಟ್ಯಾಂಡ್ ತಾನಾಗಿಯೇ ಬರುತ್ತದೆ.

ಕೈಚೀಲದಲ್ಲಿ ಏನೇನು ಇರಬೇಕು?

ನನ್ನದರಲ್ಲಿ ಇರುವುದು: ಪೀಜೋ ಎರಡು, ಯಾಕೆಂದರೆ ಒಂದು ಕೈಕೊಡುವುದು ಖಂಡಿತ. 1 ಮೆಗಾ ಓಮ್ ಪ್ರೀಆಂಪ್. ಬ್ಲೂ ಟ್ಯಾಕ್, ಮಾಸ್ಕಿಂಗ್ ಟೇಪ್. ಗಿಟಾರ್ ಜ್ಯಾಕಿನ ಚಿಕ್ಕ ವೈರು, ಎಕ್ಸ್‌ಎಲ್‌ಆರ್ ವೈರು ಒಂದು. ಮೈಕಿನ ಕೆಳಗೆ ಹಾಸಲು ಹಳೆ ಟವೆಲ್, ವೇದಿಕೆಯ ಧಡಧಡ ತಡೆಯುತ್ತದೆ. 9 ವೋಲ್ಟಿನ ಹೊಸ ಬ್ಯಾಟರಿ ಎರಡು. ಬ್ಯಾಟರಿಯ ಪ್ರೀಆಂಪುಗಳಲ್ಲಿ ಬಹಳಷ್ಟು ಜ್ಯಾಕ್ ಚುಚ್ಚಿದ ಕೂಡಲೇ ಆನ್ ಆಗುತ್ತವೆ, ಬೇರೆ ಸ್ವಿಚ್ ಇರುವುದಿಲ್ಲ. ಕಛೇರಿ ಮುಗಿಸಿ ಊಟಕ್ಕೆ ಏಳುವ ಮೊದಲು ಜ್ಯಾಕ್ ಕಿತ್ತಿಡಿ.